ಕಿವಿಯೊಳಗಿನ ಖರ್ಜ

ಧಾರವಾಡದಲ್ಲಿ ರಿಯಾಜು, ಅಂದರೆ ಸಂಗೀತದ ಅಭ್ಯಾಸ, ಯಾವತ್ತೂ ಗುಟ್ಟಿನ ಕೆಲಸವಲ್ಲ. ಮಾಳಮಡ್ಡಿಯ ಓಣಿಗಳಲ್ಲಿ ಬೆಳಗಿನ ಹೊತ್ತು ಸುಮ್ಮನೆ ಒಂದು ಸುತ್ತು ಹಾಕಿ ಬಂದರೆ ಯಾವುದೋ ಕಿಟಕಿಯಿಂದ ಹಾರ್ಮೋನಿಯಂ, ಇನ್ನಾವುದೋ ಪಡಸಾಲೆಯಿಂದ ಸ್ವರಗಳನ್ನು ತಿರುತಿರುಗಿಸಿ ಹಾಡುವ ಪಲ್ಟಾಗಳು ಕಿವಿಗೆ ಬೀಳುತ್ತವೆ. ಯಾರ ಮನೆಯ ಮಗಳು ಭೂಪ ರಾಗ ಮುಗಿಸಿ ಯಮನಕ್ಕೆ ಬಂದಳು, ಯಾರ ಮಗ ಇನ್ನೂ ಆರೋಹದಲ್ಲೇ ಇದ್ದಾನೆ ಎಂಬುದು ಹಾಲು ತರಲು ಹೊರಟವರಿಗೂ ಗೊತ್ತಿರುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ನಿಂತರಂತೂ ಒಂದು ಮೂಲೆಯ ತಬಲಾ ಇನ್ನೊಂದು ಮೂಲೆಯ ಗಾಯನದ ಮೇಲೆ ಹಾದುಹೋಗುತ್ತದೆ. ಕಲಿಯುವವರು ಅದರ ನಡುವೆಯೇ ತಮ್ಮ ತಮ್ಮ ಷಡ್ಜವನ್ನು ಹುಡುಕಿಕೊಳ್ಳುತ್ತಾರೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಬಾಳಿದ ಈ ಅವಳಿ ನಗರದಲ್ಲಿ ನೆರೆಮನೆಯವರ ಕಿವಿಯೂ ಕಲಿಕೆಯ ಒಂದು ಭಾಗ.

ಇಂಥ ಊರಿನಲ್ಲಿ ನಾನು ನುಡಿಸುವುದು ಎಲೆಕ್ಟ್ರಿಕ್ ಬೇಸ್ ಗಿಟಾರ್. ಅಭ್ಯಾಸ ಮಾಡುವುದು ರಾತ್ರಿ ಊಟವಾದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಬಾಗಿಲಲ್ಲಿ ನಿಂತವರಿಗೆ ಕೇಳುವುದು ತಂತಿಗೆ ಬೆರಳು ತಾಗಿದ ಸಣ್ಣ ಸದ್ದು ಮಾತ್ರ. ಜಾಗವಿಲ್ಲದವರು, ಬೇರೆ ದಾರಿ ಕಾಣದವರು ಮಾಡುವ ಅರೆಬರೆ ಅಭ್ಯಾಸ ಇದು ಎಂದು ನನ್ನ ಜೊತೆ ನುಡಿಸುವವರೂ ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಬೇಸ್ ನುಡಿಸುವವನು ಕಲಿಯಬೇಕಾದ ಅತಿ ಮುಖ್ಯವಾದ ಸಂಗತಿಯೊಂದು, ಸ್ವರವನ್ನು ಎಲ್ಲಿ ಮುಗಿಸಬೇಕು ಎಂಬುದು, ಮನೆಯಲ್ಲಿ ಸ್ಪಷ್ಟವಾಗಿ ಕೇಳಿಸುವುದು ಹೆಡ್‌ಫೋನಿನಲ್ಲಿಯೇ ಎಂಬುದು ನನ್ನ ಅನುಭವ.

ವಾದ್ಯದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ನಮ್ಮ ಕಡೆ ರಸಮಂಜರಿ ಕಾರ್ಯಕ್ರಮಗಳಲ್ಲಿ ಬೇಸಿನ ಕೆಲಸವನ್ನು ಬಹುತೇಕ ಕೀಬೋರ್ಡಿನವರ ಎಡಗೈಯೇ ಮಾಡಿಬಿಡುತ್ತದೆ. ವೇದಿಕೆಯ ಮೇಲೆ ಉದ್ದ ಕುತ್ತಿಗೆಯ, ನಾಲ್ಕೇ ದಪ್ಪ ತಂತಿಗಳ ಗಿಟಾರ್ ಕಂಡರೆ ಜನ ಅದನ್ನು ಗಿಟಾರೇ ಎಂದುಕೊಳ್ಳುತ್ತಾರೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ವಾದ್ಯದ ವಂಶ ಇದು. ಗಟ್ಟಿ ಮರದ ಒಡಲು. ತಂಬೂರಿಯ ಬುರುಡೆಯಂಥ ಟೊಳ್ಳು ಇಲ್ಲ. ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಸೇರಿದ ಪಿಕಪ್ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ತಂತಿಗಳು ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಇ, ಎ, ಡಿ, ಜಿ. ಅತ್ಯಂತ ದಪ್ಪನೆಯ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಪಟ್ಟಿಯ ಶ್ರುತಿಯಲ್ಲಿ, ಹಾಡುವ ಗಂಡು ಗಾಯಕರ ಮಂದ್ರ ಷಡ್ಜ ಸುಮಾರು 69 ಎಂದು ನೆನೆದರೆ, ಬೇಸ್ ಎಷ್ಟು ಕೆಳಗಿಳಿಯುತ್ತದೆ ಎಂಬುದು ಮನಸ್ಸಿಗೆ ಬರುತ್ತದೆ.

ಮಂದ್ರ ಈ ನೆಲಕ್ಕೆ ಹೊಸದಲ್ಲ. ಗಾಯಕರು ನಸುಕಿನಲ್ಲಿ ಎದ್ದು ಖರ್ಜದಲ್ಲಿ, ಅಂದರೆ ಮಂದ್ರ ಷಡ್ಜದಲ್ಲಿ, ನಿಂತು ಸಾಧನೆ ಮಾಡುವ ಪದ್ಧತಿ ಇಲ್ಲಿ ಮನೆಮಾತು. ಬೀನಕಾರ (ರುದ್ರವೀಣೆ ನುಡಿಸುವವರು) ಬಂದೇ ಅಲಿ ಖಾನರ ಶಿಷ್ಯ, ಧಾರವಾಡದಲ್ಲಿ ನೆಲೆಸಿದ ಸಿತಾರ್ ರತ್ನ ರಹಿಮತ್ ಖಾನರನ್ನು, ಸಿತಾರಿಗೆ ಖರ್ಜದ ತಂತಿಗಳನ್ನು ಅಳವಡಿಸಿ ಅದರ ಹರವನ್ನು ಹಿಗ್ಗಿಸಿದವರೆಂದು ಅವರ ಪರಂಪರೆಯವರು ಇಂದಿಗೂ ನೆನೆಯುತ್ತಾರೆ. ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿಯವರ ಕಂಠದ ಆಳವನ್ನು ಕೇಳಿದವರಿಗೆ, ಕೆಳಗಿನ ಸ್ವರಕ್ಕೆ ಎಂಥ ಘನತೆ ಇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಸ್ವರ ಕೆಳಗಿಳಿದಷ್ಟೂ ಅವಸರ ಕಡಿಮೆಯಾಗುತ್ತದೆ. ನಾನು ಈ ವಾದ್ಯಕ್ಕೆ ಒಲಿದದ್ದೂ ಅದರಿಂದಲೇ.

ಇನ್ನು ಮನೆ. ನಮ್ಮದು ಸಾಲುಮನೆ, ಚಾಳ ಎನ್ನುತ್ತೇವಲ್ಲ, ಅಂಥದ್ದು. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ, ಮೇಲೆ ಹಂಚು. ಮಾತು, ಟಿ.ವಿ., ಮಗುವಿನ ಅಳು ಇವನ್ನೆಲ್ಲ ಆ ಗೋಡೆ ಒಂದು ಮಟ್ಟಕ್ಕೆ ತಡೆಯುತ್ತದೆ. ಬೇಸನ್ನು ತಡೆಯುವುದಿಲ್ಲ. ತಾರದ ಸ್ವರಗಳ ಅಲೆ ಗಿಡ್ಡ, ಗೋಡೆ ಅದನ್ನು ಸುಲಭವಾಗಿ ಹಿಂದಕ್ಕೆ ಎಸೆಯುತ್ತದೆ. ಇ ತಂತಿಯ ಅಲೆಯ ಉದ್ದ ಗಾಳಿಯಲ್ಲಿ 8 ಮೀಟರಿಗೂ ಹೆಚ್ಚು. ಅಷ್ಟು ನಿಧಾನವಾದ ಕಂಪನ ಗೋಡೆಯನ್ನೇ ಅಲುಗಿಸಿಕೊಂಡು ಆಚೆ ಹೋಗುತ್ತದೆ. ಪಕ್ಕದ ಮನೆಯ ಕಾಕು ಒಮ್ಮೆ ನನ್ನನ್ನು ಕರೆದು ತಮ್ಮ ಅಡುಗೆಮನೆ ತೋರಿಸಿದರು. ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಸ್ಟೀಲ್ ಡಬ್ಬಿಗಳು. ಈಚೆ ಆಂಪ್ಲಿಫೈಯರ್ ಹಚ್ಚಿ ಎ ತಂತಿಯನ್ನು ಎಡಗೈ ಬೆರಳೊತ್ತದೆ ಹಾಗೇ ನುಡಿಸಿದಾಗ ಅವುಗಳಲ್ಲಿ ಒಂದರ ಮುಚ್ಚಳ ಮಾತ್ರ ಗಿಣಿಗಿಣಿ ಎನ್ನುತ್ತಿತ್ತು. ಹಾಡು ಅವರಿಗೆ ಕೇಳುತ್ತಿರಲಿಲ್ಲ. ರಾಗವಿಲ್ಲ, ಪದವಿಲ್ಲ, ಮುಚ್ಚಳದ ಸದ್ದೊಂದೇ. ಸಂಗೀತವಾಗಿ ತಲುಪದೆ ಬರಿಯ ಕಂಪನವಾಗಿ ತಲುಪುವುದು ಆ ಮನೆಯವರಿಗೂ ಅನ್ಯಾಯ, ವಾದ್ಯಕ್ಕೂ ಅನ್ಯಾಯ.

ಅದಕ್ಕಿಂತ ದೊಡ್ಡ ತೊಡಕು ಕೋಣೆಯ ಒಳಗೇ ಇದೆ. ನನ್ನ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿಬಂದು, ಕೆಲವು ಕಂಪನಗಳು ಒಂದರ ಮೇಲೊಂದು ಕೂಡಿಕೊಂಡು ಉಬ್ಬುತ್ತವೆ. ಹತ್ತು ಅಡಿಯ ಅಂತರಕ್ಕೆ ಆ ಲೆಕ್ಕ ಸೆಕೆಂಡಿಗೆ ಸುಮಾರು 56ಕ್ಕೆ ಬರುತ್ತದೆ, ಹನ್ನೆರಡು ಅಡಿಗೆ ಸುಮಾರು 47ಕ್ಕೆ. ಎ ತಂತಿ 55. ಹಾಗಾಗಿ ಈ ಕೋಣೆಯಲ್ಲಿ ಸ್ಪೀಕರಿನಿಂದ ನುಡಿಸಿದರೆ ಎ ಸ್ವರ ಗೂಳಿಯಂತೆ ಮುನ್ನುಗ್ಗುತ್ತದೆ, ಅದರ ಪಕ್ಕದ ಸ್ವರಗಳು ಸೊರಗುತ್ತವೆ. ಕುರ್ಚಿಯನ್ನು ಮೂಲೆಗೆ ಸರಿಸಿದರೆ ಮತ್ತೊಂದು ಲೆಕ್ಕ. ಬೆರಳು ಎಲ್ಲ ಸ್ವರಗಳನ್ನೂ ಒಂದೇ ತೂಕದಲ್ಲಿ ನುಡಿಸುತ್ತಿದೆಯೇ ಇಲ್ಲವೇ ಎಂದು ಕೋಣೆ ಹೇಳಲಾರದು. ಅದು ತನ್ನ ಅಳತೆಯನ್ನೇ ಹೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಕೋಣೆ ಇಲ್ಲವಾಗುತ್ತದೆ. ಎ ತಂತಿ ಉಬ್ಬಿದರೆ ಅದು ನನ್ನ ಬೆರಳಿನಿಂದಲೇ.

ಸಲಕರಣೆಗಳ ವಿಷಯ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಬೇಸಿನ ಸಾಕೆಟ್ಟಿಗೇ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಚಿಕ್ಕ ಹೆಡ್‌ಫೋನ್ ಆಂಪ್ಲಿಫೈಯರ್ ಸಾಕು. ಮೊಬೈಲಿನ ಹಾಡನ್ನು ಜೊತೆಗೆ ಸೇರಿಸಲು ಅದರಲ್ಲಿ ಇನ್ನೊಂದು ತೂತು ಇದ್ದರೆ ಒಳ್ಳೆಯದು. ಕಿವಿಯನ್ನು ಪೂರ್ತಿ ಮುಚ್ಚುವ, ತಂತಿ ಇರುವ ಹೆಡ್‌ಫೋನೇ ಬೇಕು. ಬ್ಲೂಟೂತ್ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ ಮಾಡುತ್ತದೆ. ನಿಮಿಷಕ್ಕೆ 120 ಬಡಿತದ ಲಯದಲ್ಲಿ ಒಂದು ಬಡಿತದ ಕಾಲುಭಾಗ 125 ಮಿಲಿಸೆಕೆಂಡ್. ಬೆರಳು ಮೀಟಿದ್ದು ಒಂದು ಕಡೆ, ಕಿವಿಗೆ ಬಿದ್ದದ್ದು ಇನ್ನೊಂದು ಕಡೆ ಆದರೆ ಲಯ ಕಲಿಯುವುದು ಹೇಗೆ? ಹಾಡು ಕೇಳಲು ಬ್ಲೂಟೂತ್ ಇರಲಿ, ನುಡಿಸಲು ಬೇಡ.

ಗುಂಯ್ ಸದ್ದಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದು ಅಪರೂಪ. ಗೋಡೆಯ ಪ್ಲಗ್ಗಿನಿಂದ ನಡೆಯುವ ಆಂಪ್ಲಿಫೈಯರಿಗೆ ಹೆಡ್‌ಫೋನ್ ಹಚ್ಚಿದರೆ ಹಿಂದೆ ಒಂದು ಗುಂಯ್ ಎನ್ನುವ ಸದ್ದು ಸದಾ ಇರುತ್ತದೆ. ತಂತಿಯ ಮೇಲೆ ಕೈಯಿಟ್ಟರೆ ತಗ್ಗುತ್ತದೆ, ತೆಗೆದರೆ ಏರುತ್ತದೆ. ಅದು ನಮ್ಮ ಮನೆಗೆ ಬರುವ ವಿದ್ಯುತ್ತಿನದೇ ಕಂಪನ. ಅದರ ಮೂಲ ಸೆಕೆಂಡಿಗೆ 50, ಮೇಲೆ 100ರಲ್ಲಿ ಅದರ ಇಮ್ಮಡಿ. ಇ ತಂತಿಯ ಮೂರನೆಯ ಮನೆಯ (ಫ್ರೆಟ್ಟಿನ) ಜಿ ಸ್ವರ 49. ಎರಡೂ ಅಷ್ಟು ಹತ್ತಿರ ಇರುವುದರಿಂದ ಗುಂಯ್ ಸದ್ದಿನ ಮೇಲೆ ಜಿ ನುಡಿಸಿದರೆ ಎರಡರ ನಡುವೆ ಒಂದು ನಿಧಾನವಾದ ತೂಗಾಟ ಕೇಳುತ್ತದೆ, ತಂಬೂರಿಯ ಜೋಡಿಯ ಎರಡು ತಂತಿಗಳು ಕೂದಲೆಳೆಯಷ್ಟು ತಪ್ಪಿ ಕೂತಾಗ ಕೇಳುವುದೂ ಅದೇ. ಶ್ರುತಿ ಕೂಡಿಸಿ ಬೆಳೆದ ಕಿವಿಗೆ ಇದನ್ನು ಸಹಿಸುವುದು ಕಷ್ಟ. ಬ್ಯಾಟರಿಯ ಮೇಲೆ ನಡೆಯುವ ಚಿಕ್ಕ ಆಂಪ್ಲಿಫೈಯರಿನಲ್ಲಿ ಈ ಕಾಟ ಬಹುಮಟ್ಟಿಗೆ ಇರುವುದಿಲ್ಲ. ಮಳೆಗಾಲದ ಜಿಟಿಜಿಟಿ ರಾತ್ರಿ ಕರೆಂಟು ಹೋಗಿ ಓಣಿಯ ಎಲ್ಲ ಟ್ಯೂಬ್‌ಲೈಟು, ಫ್ರಿಜ್ಜು ನಿಂತಾಗಲಂತೂ ನನಗೆ ಅತ್ಯಂತ ಶುದ್ಧವಾದ ಹಿನ್ನೆಲೆ ಸಿಗುತ್ತದೆ.

ಕಿವಿಯ ಆರೋಗ್ಯದ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಕಿವಿಗೆ ಮಂದ್ರ ಕೇಳಿಸುವುದು ಕಡಿಮೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದನ್ನು ಅಳೆದು ತೋರಿಸಿದರು. ಶಬ್ದವನ್ನು ತಗ್ಗಿಸಿದಂತೆ ಮೊದಲು ಮಾಯವಾಗುವುದು ಕೆಳಗಿನ ಸ್ವರಗಳೇ. ಆದ್ದರಿಂದ ಬೇಸ್ ಅಭ್ಯಾಸ ಮಾಡುವವನ ಕೈ ತಾನೇ ತಾನಾಗಿ ವಾಲ್ಯೂಮಿನ ಗುಂಡಿಯ ಕಡೆಗೆ ಹೋಗುತ್ತದೆ, ಗಂಟೆಗಟ್ಟಲೆ ಕಿವಿಗೆ ಪೆಟ್ಟು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ಲಿನಲ್ಲಿ. ಶಬ್ದ ಏರಿದಂತೆ ಗಂಟೆಗಳು ಬಹಳ ಬೇಗ ಇಳಿಯುತ್ತವೆ. ಉಪಾಯ ಸುಲಭವಿದೆ. ಬೇಸನ್ನು ಏರಿಸುವ ಬದಲು ಜೊತೆಗಿನ ಹಾಡನ್ನು ತಗ್ಗಿಸಬೇಕು, ಟೋನಿನಲ್ಲಿ ಕೆಳಭಾಗವನ್ನು ಕೊಂಚ ಕಡಿಮೆ ಮಾಡಿ ಮಧ್ಯಭಾಗವನ್ನು ಎತ್ತಬೇಕು. ಸ್ವರದ ಮೂಲ ಕಂಪನ ಕ್ಷೀಣವಾಗಿದ್ದರೂ ಅದರ ಇಮ್ಮಡಿ, ಮುಮ್ಮಡಿ ಕಂಪನಗಳು ಸ್ಪಷ್ಟವಾಗಿ ಕೇಳಿದರೆ ಮೆದುಳು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಅಂಗೈಯಗಲದ ಟ್ರಾನ್ಸಿಸ್ಟರಿನ ಪುಟ್ಟ ಸ್ಪೀಕರಿನಲ್ಲೂ ಆಕಾಶವಾಣಿ ಧಾರವಾಡದ ತಬಲಾ ನಮಗೆ ತಬಲಾದಂತೆಯೇ ಕೇಳಿದ್ದು ಈ ಗುಣದಿಂದ.

ಈಗ ನಾನು ಹೇಳಬೇಕೆಂದು ಕೂತ ವಿಷಯ.

ಬೇಸನ್ನು ಮೀಟುವುದು ಕಷ್ಟವಲ್ಲ. ಮೀಟಿದ ಸ್ವರವನ್ನು ನಿಲ್ಲಿಸುವುದು ಕಷ್ಟ. ದಪ್ಪ ತಂತಿ, ಉದ್ದ ಕುತ್ತಿಗೆ. ಒಮ್ಮೆ ಅಲುಗಿದರೆ ಬಹಳ ಹೊತ್ತು ಉಳಿಯುತ್ತದೆ. ಅಷ್ಟೇ ಅಲ್ಲ, ಒಂದನ್ನು ಮುಟ್ಟಿದರೆ ಇನ್ನೊಂದು ತಾನಾಗಿ ಮಿಡಿಯುತ್ತದೆ. ಡಿ ತಂತಿಯ ಎರಡನೆಯ ಮನೆಯಲ್ಲಿ ಬೆರಳಿಟ್ಟು ಮೀಟಿ ನೋಡಿ. ಅದು ಇ ಸ್ವರ, ದಪ್ಪ ಇ ತಂತಿಗಿಂತ ಒಂದು ಸ್ಥಾಯಿ ಮೇಲೆ. ಎಡಗೈ ಬೆರಳನ್ನು ತುಸು ಸಡಿಲಿಸಿ ಆ ಸ್ವರವನ್ನು ನಿಲ್ಲಿಸಿ. ಸ್ಪೀಕರಿನಲ್ಲಾದರೆ ನಿಂತಿತು ಅನ್ನಿಸುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಅದೇ ಸ್ವರ ತೆಳ್ಳಗೆ, ಇನ್ನೂ ಉಳಿದಿರುತ್ತದೆ. ಯಾರೂ ಮುಟ್ಟದ ಇ ತಂತಿ ತನ್ನ ಸರಿಯಾದ ಜೊತೆ ಸಿಕ್ಕಿದ್ದಕ್ಕೆ ಮಿಡಿಯತೊಡಗಿದೆ. ಈಗ ಬಲಗೈಯ ಹೆಬ್ಬೆರಳಿನ ಮಗ್ಗುಲನ್ನು ಇ ತಂತಿಯ ಮೇಲೆ, ಎ ತಂತಿಗೂ ತಾಗುವಂತೆ ಹಗುರವಾಗಿ ಒರಗಿಸಿಟ್ಟು ಮತ್ತೆ ಅದೇ ಸ್ವರವನ್ನು ನುಡಿಸಿ, ನಿಲ್ಲಿಸಿ. ಆಗ ಕಿವಿಯೊಳಗೆ ಏನೂ ಉಳಿಯುವುದಿಲ್ಲ. ಬೆರಳುಗಳು ತೆಳು ತಂತಿಗಳಿಗೆ ಸರಿದಂತೆ ಹೆಬ್ಬೆರಳೂ ಹಿಂದೆ ಹಿಂದೆಯೇ ಸರಿಯುತ್ತ ಬರಬೇಕು, ಬಿಟ್ಟುಹೋದ ತಂತಿಗಳನ್ನೆಲ್ಲ ಮುಚ್ಚುತ್ತಾ. ಮೀಟುವ ಬೆರಳುಗಳ ಚುರುಕನ್ನು ಎಲ್ಲರೂ ನೋಡುತ್ತಾರೆ. ಹಿಂದೆ ಬರುವ ಹೆಬ್ಬೆರಳಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಂದಿನವರು ಇದಕ್ಕೆ ಬೇರೆ ದಾರಿಯನ್ನೂ ಕಂಡುಕೊಂಡಿದ್ದರು. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಮೀಟುತ್ತಿದ್ದುದು ಒಂದೇ ಬೆರಳಿನಿಂದ, ಬಲಗೈಯ ತೋರುಬೆರಳು. ಕುದುರೆಯ (ತಂತಿಗಳನ್ನು ಹೊತ್ತಿರುವ ಬ್ರಿಜ್) ಬಳಿ ತಂತಿಗಳ ಕೆಳಗೆ ಸ್ಪಂಜಿನ ತುಂಡು ಇರುತ್ತಿತ್ತು, ಸ್ವರ ಹುಟ್ಟಿದೊಡನೆ ದುಂಡಗೆ ಮುಗಿಯಲೆಂದು. ಆ ಬೇಸಿನ ಮಧುರತೆ ಅರ್ಧದಷ್ಟು ಆ ಮುಗಿಯುವಿಕೆಯಲ್ಲಿದೆ ಎಂದು ನಾನು ನಂಬಿದ್ದೇನೆ. ನಾನೂ ಪಾತ್ರೆ ತೊಳೆಯುವ ಹೊಸ ಸ್ಪಂಜೊಂದನ್ನು ಸೀಳಿ ಕುದುರೆಯ ಬಳಿ ತುರುಕಿ ನುಡಿಸಿದ್ದುಂಟು. ಚೆನ್ನಾಗಿರುತ್ತದೆ. ಆದರೆ ಸ್ಪಂಜು ಎಲ್ಲ ಸ್ವರಗಳನ್ನೂ ಒಂದೇ ರೀತಿ ಮುಗಿಸುತ್ತದೆ. ಬೆರಳು ಹಾಗಲ್ಲ, ಎಲ್ಲಿ ಬೇಕೋ ಅಲ್ಲಿ ಮುಗಿಸುತ್ತದೆ.

ಎಲ್ಲಿ ಬೇಕು ಎಂಬುದನ್ನು ನನಗೆ ತೋರಿಸಿದವರು ಪಕ್ಕದ ಮನೆಯ ಕಾಕಾ. ನಿವೃತ್ತ ಶಿಕ್ಷಕರು, ಗುಡಿಯ ಭಜನಾ ಮಂಡಳಿಯಲ್ಲಿ ತಬಲಾ-ಡಗ್ಗಾ ನುಡಿಸುತ್ತಾರೆ. ಡಗ್ಗಾ ಎಂದರೆ ಎಡಗೈಯಲ್ಲಿ ನುಡಿಸುವ, ಮಂದ್ರ ದನಿಯದು. ಡಬ್ಬಿಯ ಮುಚ್ಚಳದ ಸದ್ದು ನಿಂತ ಮೇಲೆ, ಹುಡುಗ ನುಡಿಸುವುದನ್ನೇ ಬಿಟ್ಟನೇನೋ ಎಂದು ಕೇಳಲು ಬಂದಿದ್ದರು. ಹೆಡ್‌ಫೋನನ್ನು ಅವರ ತಲೆಗೆ ಹಾಕಿ ನುಡಿಸಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ತುಸು ಹೊತ್ತಿಗೆ ಅವರ ಎಡಗೈ ತೊಡೆಯ ಮೇಲೆ ಆಡತೊಡಗಿತು. ಆಮೇಲೆ ಹೆಡ್‌ಫೋನ್ ತೆಗೆದು, "ಇದು ನಮ್ಮ ಡಗ್ಗಾದ ಕೆಲಸವೇ. ತೀನತಾಲ ಹಾಕುತ್ತೇನೆ, ಖಾಲಿ ಬಂದಾಗ ಕೈ ಎತ್ತು ತಮ್ಮಾ" ಎಂದರು.

ತೀನತಾಲದ ಠೇಕಾ, ಅಂದರೆ ತಾಳದ ಬೋಲುಗಳ ಸಾಲು, ಈ ಸೀಮೆಯಲ್ಲಿ ಮಕ್ಕಳ ಬಾಯಲ್ಲೂ ಇರುತ್ತದೆ. ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ. ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಒಂಬತ್ತನೆಯ ಮಾತ್ರೆಗೆ ತಾಳ ಹಾಕುವವರು ಚಪ್ಪಾಳೆ ತಟ್ಟದೆ ಕೈ ಬೀಸುತ್ತಾರೆ, ಅದು ಖಾಲಿ. ಧಾ, ಧಿನ್ ಎಂಬ ಬೋಲುಗಳಲ್ಲಿ ಎಡಗೈಯ ಡಗ್ಗಾ ಗುಂ ಎನ್ನುತ್ತದೆ. ತಿನ್, ತಾ ಎಂಬವುಗಳಲ್ಲಿ ಬಲಗೈ ಮಾತ್ರ. ಹತ್ತರಿಂದ ಹದಿಮೂರನೆಯ ಮಾತ್ರೆಯವರೆಗೆ ಡಗ್ಗಾದ ಗುಂಗು ಇರುವುದಿಲ್ಲ. ಹದಿನಾಲ್ಕರಲ್ಲಿ ಅದು ಮರಳಿ ಬಂದಾಗಲೇ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಹತ್ತಿರವಾಯಿತೆಂದು ಗಾಯಕನಿಗೆ, ಕೇಳುವವನಿಗೆ ಗೊತ್ತಾಗುವುದು. ನಿಧಾನ ಲಯದ ವಿಲಂಬಿತ ಖ್ಯಾಲಿನಲ್ಲಿ ಆವರ್ತನದ ಯಾವ ಭಾಗದಲ್ಲಿದ್ದೇವೆ ಎಂದು ಸಭೆಯಲ್ಲಿ ಕೂತ ಅಜ್ಜ ಬೆರಳು ಮಡಚದೆಯೇ ಹೇಳುತ್ತಾನಲ್ಲ, ಆತನ ಕಿವಿ ಹಿಡಿದಿರುವುದು ಮಂದ್ರ ಸದ್ದಿನ ಹಾಜರಿಯನ್ನೂ ಗೈರುಹಾಜರಿಯನ್ನೂ ಕೂಡಿಯೇ. ಬೇಸ್ ಇಲ್ಲದಿರುವುದೇ ಒಂದು ಸುದ್ದಿ.

ಅಂದಿನಿಂದ ನನ್ನ ಅಭ್ಯಾಸದ ರೀತಿಯೇ ಬದಲಾಯಿತು. ಮೊಬೈಲಿನಲ್ಲಿ ತಬಲಾದ ಠೇಕಾ ಹಚ್ಚಿ, ಒಂದೇ ಸ್ವರವನ್ನು ಹಿಡಿದು, ಡಗ್ಗಾ ಇರುವಲ್ಲಿ ನುಡಿಸಿ, ಡಗ್ಗಾ ಇಲ್ಲದ ಆ ನಾಲ್ಕು ಮಾತ್ರೆಗಳಲ್ಲಿ ಎರಡೂ ಕೈಗಳಿಂದ ತಂತಿಗಳನ್ನು ಮುಚ್ಚಿ ಕೂರುತ್ತೇನೆ. ಒಂಬತ್ತನೆಯ ಮಾತ್ರೆಯ ಧಾ ಎಲ್ಲಿ ಮುಗಿಯಬೇಕು? ಹತ್ತನೆಯ ತಿನ್ ಬೀಳುವ ಮೊದಲೇ. ಅದು ತುಸುವೇ ಚಾಚಿಕೊಂಡರೂ ಖಾಲಿ ಖಾಲಿಯಾಗುವುದಿಲ್ಲ. ಬಲಗೈ ತಿನ್ನಿನ ಲೋಹದಂಥ ನಾದದ ಕೆಳಗೆ ನನ್ನ ಸ್ವರದ ಬಾಲ ಕೇಳಿಸಿಬಿಡುತ್ತದೆ. ಹೆಡ್‌ಫೋನಿನಲ್ಲಿ ಆ ಬಾಲದ ಉದ್ದವನ್ನು ಅಳೆಯಬಹುದು ಅನ್ನಿಸುವಷ್ಟು ಸ್ಪಷ್ಟ. ಇದನ್ನು ಸಿನಿಮಾ ಹಾಡಿಗೆ, ಭಾವಗೀತೆಗೆ ಹೊಂದಿಸಿದಾಗ ಆಗುವ ವ್ಯತ್ಯಾಸ ಬೆರಗು ಹುಟ್ಟಿಸುತ್ತದೆ. ಪಲ್ಲವಿಯ ಕೊನೆಯ ಸಾಲಿನ ಕೆಳಗೆ ಬೇಸ್ ಸುಮ್ಮನಿದ್ದು, ಚರಣದ ಮೊದಲ ಅಕ್ಷರಕ್ಕೆ ಬಂದು ಕೂತರೆ, ಹಾಡುವವರು ದನಿ ಎತ್ತದೆಯೇ ಹಾಡು ಎದ್ದು ನಿಲ್ಲುತ್ತದೆ.

ಹೆಡ್‌ಫೋನ್ ಕೊಡಲಾರದ್ದೂ ಇದೆ. ಗಣೇಶ ಹಬ್ಬದ ದಿನಗಳಲ್ಲಿ ಹುಬ್ಬಳ್ಳಿಯ ಪೆಂಡಾಲುಗಳಲ್ಲಿ ನಮ್ಮ ತಂಡ ನುಡಿಸುವಾಗ ಬೆನ್ನ ಹಿಂದೆ ದೊಡ್ಡ ಸ್ಪೀಕರ್ ಇರುತ್ತದೆ. ಸ್ವರ ಕಿವಿಗಿಂತ ಮೊದಲು ಪ್ಯಾಂಟಿನ ಬಟ್ಟೆಗೆ, ಹಲಗೆಯ ಮೂಲಕ ಅಂಗಾಲಿಗೆ ತಲುಪಿತೋ ಅನ್ನಿಸುತ್ತದೆ. ಡ್ರಮ್ಮಿನವರು ಹತ್ತಡಿ ದೂರ ಕೂತಿದ್ದರೆ ಅವರ ಪೆಟ್ಟು ನನಗೆ ಸುಮಾರು ಒಂಬತ್ತು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕಿವಿಯನ್ನಷ್ಟೇ ನಂಬದೆ ಅವರ ಕಾಲನ್ನೂ ನೋಡಿಕೊಂಡು ನುಡಿಸಬೇಕು. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕಲಿತದ್ದನ್ನು ಹೆಗಲಿಗೆ ಪಟ್ಟಿ ಹಾಕಿಕೊಂಡು ನಿಂತು ನುಡಿಸುವಾಗ ಮಣಿಕಟ್ಟಿನ ಕೋನವೇ ಬದಲಾಗುತ್ತದೆ. ಹಾಗಾಗಿ ಕಾರ್ಯಕ್ರಮಗಳು ಹತ್ತಿರ ಬಂದಾಗ ಮನೆಯಲ್ಲೂ ನಿಂತೇ ನುಡಿಸುತ್ತೇನೆ, ಹೆಡ್‌ಫೋನಿನ ಒಂದು ಕಿವಿಯನ್ನು ಸರಿಸಿಟ್ಟು. ಇನ್ನೊಂದು ಅಭ್ಯಾಸ ಬೇಸಿನ ಮೇಲ್ತುದಿಯ ಕೋಡನ್ನು ಮರದ ಕಪಾಟಿಗೆ ಒರಗಿಸಿ ನುಡಿಸುವುದು. ಕಪಾಟಿನ ಬಾಗಿಲು ಮೆಲ್ಲಗೆ ಮಿಡಿದು ದೇಹಕ್ಕೂ ಸ್ವಲ್ಪ ಪಾಲು ಸಿಗುತ್ತದೆ, ಗೋಡೆಗೆ ತಾಗುವುದಿಲ್ಲ.

ಕಾಕಾ ಈಗ ರೂಪಕಕ್ಕೆ ಹಚ್ಚಿದ್ದಾರೆ. ಏಳು ಮಾತ್ರೆಯ ತಾಳ. ತಿನ್ ತಿನ್ ನಾ, ಧಿನ್ ನಾ, ಧಿನ್ ನಾ. ಇದರಲ್ಲಿ ಸಮ್ ಬೀಳುವ ಜಾಗದಲ್ಲೇ ಖಾಲಿ. ಮೊದಲನೆಯ ಮಾತ್ರೆಯಲ್ಲಿ ಡಗ್ಗಾ ಇಲ್ಲ. ಅದು ಬರುವುದು ನಾಲ್ಕಕ್ಕೆ, ಆಮೇಲೆ ಆರಕ್ಕೆ. ಬೇಸ್ ನುಡಿಸುವವನ ಮೈಯಲ್ಲಿ ಊರಿರುವ ಅಭ್ಯಾಸ ಆವರ್ತನದ ಮೊದಲ ಪೆಟ್ಟಿಗೆ ಮೂಲಸ್ವರವನ್ನು ಗಟ್ಟಿಯಾಗಿ ಇಡುವುದು. ಹಾಡಿನ ಅಡಿಪಾಯವೇ ಅದು ಎಂದು ಎಲ್ಲ ಪಾಠಗಳೂ ಹೇಳುತ್ತವೆ. ಇಲ್ಲಿ ಎಲ್ಲರೂ ಕೂಡುವ ಆ ಒಂದರಲ್ಲೇ ಬೇಸ್ ಸುಮ್ಮನಿರಬೇಕು, ಆದರೂ ಕೇಳುವವರಿಗೆ ಒಂದು ಎಲ್ಲಿದೆ ಎಂದು ಅನುಮಾನ ಬರಬಾರದು. ಆರನೆಯ ಮಾತ್ರೆಯ ಸ್ವರವನ್ನು ಏಳರ ಅಂಚಿನವರೆಗೆ ಹಿಡಿದು, ಸಮ್ ಬೀಳುವ ಕ್ಷಣಕ್ಕೆ ಸರಿಯಾಗಿ ಕತ್ತರಿಸಿದರೆ ಆ ಕತ್ತರಿಸುವಿಕೆಯೇ ಒಂದನ್ನು ತೋರಿಸುತ್ತದೆ. ನಿಮಿಷಕ್ಕೆ 60ರ ಲಯದಲ್ಲಿ ಇದು ಹೊಂದಿಬರುತ್ತಿದೆ. 90ಕ್ಕೆ ಏರಿಸಿದರೆ ಹೆಬ್ಬೆರಳು ಇನ್ನೂ ಹಿಂದೆ ಬೀಳುತ್ತದೆ.